ಟೈರಿನ ಹೊಟ್ಟೆಯಲ್ಲಿ ಒಂದು ಲೋಟ ನೀರು

ಮಾನ್ಯ ಸಂಪಾದಕರೇ,

ಶಿವಮೊಗ್ಗದ ವಿನೋಬನಗರದಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ಪಕ್ಕದಲ್ಲಿ ಹಳೇ ಟೈರುಗಳ ಗುಡ್ಡೆ ಯಾವಾಗಲೂ ಇರುತ್ತದೆ. ಗುಜರಿಯವನು ಬಂದರೆ ಹೋಗುತ್ತವೆ, ಬರದಿದ್ದರೆ ಅಲ್ಲೇ. ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ನಮ್ಮ ಬೀದಿಯ ಐದಾರು ಹುಡುಗ ಹುಡುಗಿಯರು ಬಂದು ಆ ಗುಡ್ಡೆಯೊಳಗೆ ಟಾರ್ಚ್ ಬಿಟ್ಟರು. ಪಿಯುಸಿ, ಡಿಪ್ಲೊಮಾ ಓದುವವರು. ‘ಅಣ್ಣಾ, ಇದರಲ್ಲಿ ಲಾರ್ವಾ, ಅಂದ್ರೆ ಸೊಳ್ಳೆ ಮರಿ ಇದಾವೆ’ ಅಂದರು. ನಾನು ಯಾರದೋ ಸ್ಕೂಟರಿನ ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದೆ. ‘ಓದ್ಕೊಳ್ಳೋದು ಬಿಟ್ಟು ಇದೇನ್ರೋ, ಹೋಗಿ ಸುಮ್ನೆ’ ಅಂತ ಗದರಿದೆ.

ಒಬ್ಬಳು ಮಾತ್ರ ಹೋಗಲಿಲ್ಲ. ಮನೆಯಿಂದ ತಂದಿದ್ದ ಸೌಟಿನಲ್ಲಿ ಟೈರಿನೊಳಗಿನ ನೀರು ಎತ್ತಿ, ಬಿಳಿ ಬಟ್ಟಲಿಗೆ ಸುರಿದು ನನ್ನ ಮುಂದೆ ಹಿಡಿದಳು. ಕತ್ತರಿಸಿದ ದಾರದ ಚೂರುಗಳ ಹಾಗೆ ಏನೋ ತಲೆಕೆಳಗಾಗಿ ನೇತಾಡುತ್ತಿದ್ದವು. ಬಟ್ಟಲು ಅಲುಗಿದ್ದೇ ತಡ, ಕುಣಿಯುತ್ತಾ ತಳಕ್ಕೆ ಇಳಿದವು. ಆಮೇಲೆ ಅವಳು ಟ್ಯೂಬ್ ಮುಳುಗಿಸುವ ನನ್ನ ತೊಟ್ಟಿಗೂ ಟಾರ್ಚ್ ಬಿಟ್ಟಳು. ಅಲ್ಲೂ ಇದ್ದವು. ಇಷ್ಟು ವರ್ಷ ಅದೇ ನೀರಲ್ಲಿ ಗುಳ್ಳೆ ಹುಡುಕಿದವನು ನಾನು. ಇವನ್ನು ನೋಡೇ ಇರಲಿಲ್ಲ.

ಟೈರನ್ನು ನಿಲ್ಲಿಸಿದರೂ ಮಲಗಿಸಿದರೂ ಹೊಟ್ಟೆಯಲ್ಲಿ ಒಂದು ಲೋಟ ನೀರು ಉಳಿದೇ ಉಳಿಯುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಅದಕ್ಕೆ ಚರಂಡಿ ಬೇಡ, ಇಂಥ ಮಳೆನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ನೀರು ಚೆಲ್ಲಿದರೂ ಮುಗಿಯಲಿಲ್ಲ. ಒಳಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಕೊಂಡೇ ಇದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೇ ಉಜ್ಜಬೇಕು. ಹೊಗೆ ಹೊಡೆದರೆ ಹಾರುವ ಸೊಳ್ಳೆ ಸಾಯುತ್ತದೆ, ನೀರಿನೊಳಗಿನ ಮರಿಗೆ ಏನೂ ಆಗುವುದಿಲ್ಲ. ಇದು ಜಾಸ್ತಿ ದೂರ ಹಾರುವ ಸೊಳ್ಳೆಯೂ ಅಲ್ಲ. ನನ್ನ ಟೈರಲ್ಲಿ ಹುಟ್ಟಿದ್ದು ಭದ್ರಾವತಿಗೆ ಹೋಗುವುದಿಲ್ಲ, ನಮ್ಮ ಬೀದಿಯವರನ್ನೇ ಕಚ್ಚುತ್ತದೆ, ಅದೂ ಹಗಲು ಹೊತ್ತಲ್ಲಿ. ಹಿಂದಿನ ವರ್ಷ ಎದುರು ಮನೆಯ ಮಗು ಡೆಂಗಿಯಾಗಿ ಆಸ್ಪತ್ರೆಯಲ್ಲಿ ಮಲಗಿತ್ತು. ಅದು ನನ್ನ ಟೈರಿನ ಸೊಳ್ಳೆಯೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ.

ಆಶಾ ಕಾರ್ಯಕರ್ತೆಯರು ಬಾಗಿಲು ತಟ್ಟುವಾಗ ಅರ್ಧ ಬೀದಿ ಕೆಲಸಕ್ಕೆ ಹೋಗಿರುತ್ತದೆ. ಈ ಮಕ್ಕಳು ಭಾನುವಾರ ಬರುತ್ತಾರೆ. ಫ್ರಿಜ್ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಎಳನೀರಿನ ಬುರುಡೆ, ಸಂಪಿನ ಮುಚ್ಚಳ, ಎಲ್ಲ ನೋಡಿ ನೋಟ್‌ಬುಕ್ಕಲ್ಲಿ ಮನೆ ನಂಬರಿನ ಮುಂದೆ ಗುರುತು ಹಾಕುತ್ತಾರೆ. ಮುಂದಿನ ವಾರ ಮತ್ತೆ ಹಾಜರ್. ಎಷ್ಟೋ ಮನೆಯವರು ಗೇಟೇ ತೆಗೆಯಲ್ಲ. ಒಬ್ಬರಂತೂ ನಾಯಿ ಬಿಟ್ಟರು.

ಬೀದಿಯ ಕೊನೆಯಲ್ಲಿ ಒಂದು ಸೈಟಿದೆ. ಕಾಂಪೌಂಡು, ಗೇಟಿಗೆ ಬೀಗ, ಒಳಗೆ ತೊಟ್ಟಿಯ ತುಂಬ ಮಳೆನೀರು. ಮಾಲೀಕರು ಬೆಂಗಳೂರಲ್ಲಿದ್ದಾರೆ. ಮಕ್ಕಳು ಫೋನ್ ಮಾಡಿದರೆ ‘ನನ್ನ ಸೈಟು, ನಿಮಗೇನು ಕಷ್ಟ’ ಅಂದರಂತೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡವನ್ನೂ ಇಟ್ಟಿದೆ. ಸೊಳ್ಳೆ ಸಾಕಿಕೊಂಡರೆ ಪೇಟೆಯ ಮನೆಗೆ 400 ರೂಪಾಯಿ. ಆದರೆ ಹದಿನೇಳು ವರ್ಷದ ಹುಡುಗಿ ಯಾರಿಗೆ ದಂಡ ಹಾಕಿಯಾಳು? ಅವಳ ಕೈಲಿರುವುದು ಸೌಟು. ಬೀಗ ಹಾಕಿದ ಸೈಟಿನವರು ಪಕ್ಕದ ಮನೆಗೆ ಒಂದು ಕೀ ಕೊಟ್ಟಿರಲಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳುತ್ತಿದ್ದೇನೆ. ಉಜ್ಜುವ ಕೆಲಸ ನಾವು ನೋಡಿಕೊಳ್ಳುತ್ತೇವೆ.

ಪಂಕ್ಚರ್ ಅಂಗಡಿಯ ಅಣ್ಣತಮ್ಮಂದಿರಿಗೂ ಒಂದು ಮಾತು. ಗುಜರಿಗೆ ಹೋಗುವ ಟೈರಿಗೆ ಡ್ರಿಲ್ ಹಾಕಿ ನಾಲ್ಕು ತೂತು ಮಾಡಿ. ತೊಟ್ಟಿ ನೀರನ್ನು ರಾತ್ರಿ ಅಂಗಡಿ ಮುಚ್ಚುವಾಗ ಚೆಲ್ಲಿ. ನಾನು ಗುಡ್ಡೆಯ ಮೇಲೆ ಟಾರ್ಪಾಲನ್ನೂ ಹೊದಿಸಿದ್ದೇನೆ. ನೋಟ್‌ಬುಕ್ಕಲ್ಲಿ ನನ್ನ ಅಂಗಡಿಗೆ ಮೂರು ವಾರ ಸರಿ ಗುರುತು ಬಿತ್ತು. ನಾಲ್ಕನೇ ವಾರ ತಪ್ಪು. ಟಾರ್ಪಾಲ್ ಜೋತುಬಿದ್ದು, ಅದರ ಗುಂಡಿಯಲ್ಲೇ ನೀರು ನಿಂತಿತ್ತು.

ಇಂತಿ,
ಒಬ್ಬ ಪಂಕ್ಚರ್ ಅಂಗಡಿಯವ
ವಿನೋಬನಗರ, ಶಿವಮೊಗ್ಗ