ಹಳೆ ಲೈನ್ ತೆಗೆಸುವ ಮೊದಲು

ಮಾನ್ಯರೇ,

ನಮ್ಮ ಓಣಿಯಲ್ಲಿ ಈಗ ವಾರಕ್ಕೊಬ್ಬರಾದರೂ ಬಂದು ‘ಫೈಬರ್ ಹಾಕಿಸ್ತೀರೇನ್ರಿ’ ಎಂದು ಗೇಟು ಬಡಿಯುತ್ತಾರೆ. ಇಂಟರ್ನೆಟ್, ಟಿವಿ, ಫೋನ್ ಮೂರಕ್ಕೂ ಒಂದೇ ಬಿಲ್ಲು, ಒಂದು ತಾಸಿನ ಕೆಲಸ ಎನ್ನುತ್ತಾರೆ. ಈ ಮಳೆಗಾಲದ ಆರಂಭದಲ್ಲಿ ನಾನೂ ಹೂಂ ಅಂದೆ. ಕಂಪನಿ ಯಾವುದು ಎಂದು ಹೇಳುವುದಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ.

ಅರ್ಜಿ ತುಂಬಿದ ದಿನವೇ ಹಳೆಯ ಫೋನ್ ಮತ್ತು ಇಂಟರ್ನೆಟ್ ಲೈನ್ ಬಂದ್ ಮಾಡಲು ಬರೆದುಕೊಟ್ಟೆ. ಕೇಬಲ್‌ನವರ ಪೆಟ್ಟಿಗೆಯನ್ನೂ ವಾಪಸ್ ಕೊಟ್ಟೆ. ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು, ಒಂದೇ ತಿಂಗಳಿಗೆ ಎರಡು ಬಿಲ್ಲು ಯಾಕೆ ಎಂಬ ಲೆಕ್ಕ ನನ್ನದು. ಆ ಲೆಕ್ಕವೇ ತಪ್ಪಿತು. ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಜಾಗ ಖಾಲಿ ಇಲ್ಲ ಎಂದು ಹೊಸಬರು ಐದು ದಿನ ಬರಲೇ ಇಲ್ಲ. ಐದು ದಿನ ಮನೆಯಲ್ಲಿ ಫೋನಿಲ್ಲ, ಟಿವಿ ಇಲ್ಲ. ಎಂಬತ್ತೈದರ ಅತ್ತೆಯವರು ಸಂಜೆಯಾದರೆ ಟಿವಿಯ ಕರಿ ಪರದೆಯನ್ನೇ ನೋಡುತ್ತ ಕೂರುತ್ತಿದ್ದರು.

ಆರನೇ ದಿನ ಬಂದ ಹುಡುಗ ಕೆಲಸದಲ್ಲಿ ಜಾಣ. ಕಟ್ಟೆಯ ಮೇಲೆ ಪುಟ್ಟ ಮಷೀನು ಇಟ್ಟುಕೊಂಡು ಕರಿ ವೈರಿನ ಸಿಪ್ಪೆ ಸುಲಿದ. ಒಳಗಿನ ಕೂದಲಿನಂಥ ಗಾಜಿನ ಎಳೆಯನ್ನು ಸ್ಪಿರಿಟ್ ಹಚ್ಚಿ ಒರೆಸಿ, ತುದಿ ಕತ್ತರಿಸಿ, ಎರಡು ತುದಿಗಳನ್ನು ಎದುರುಬದುರು ಇಟ್ಟ. ಮಷೀನಿನ ಪರದೆಯಲ್ಲಿ ಅವು ದಪ್ಪ ಕೋಲುಗಳಂತೆ ಕಂಡವು. ಒಂದು ಸಣ್ಣ ಕಿಡಿ, ಬೆಸುಗೆ ಆಯಿತು. ಬೆಳಕಿನ ಬಲ ಅಳೆಯುವ ಮೀಟರು ಮೈನಸ್ 21 ತೋರಿಸಿತು. ‘ಚಲೋ ಐತ್ರಿ, 27 ದಾಟಿದ್ರ ತ್ರಾಸ’ ಅಂದ.

ತ್ರಾಸ ಬಂದದ್ದು ಗೋಡೆಯಿಂದ. ಮಾಳಮಡ್ಡಿಯ ನಮ್ಮ ಮನೆ ಮಾವನವರ ಕಾಲದ ಕಲ್ಲಿನ ಕಟ್ಟಡ. ‘ಅಕ್ಕಾರ, ಗ್ವಾಡಿ ಭಾಳ ದಪ್ಪ ಐತ್ರಿ, ಡ್ರಿಲ್ಲಿನ ಬಿಟ್ ಮುಟ್ಟವಲ್ದು’ ಅಂದ. ನಾನು ಟೇಪು ತಂದು ಅಳೆದೆ, 22 ಇಂಚು. ಇನ್ನೇನು ಮಾಡುವುದು, ವೈರನ್ನು ಕಿಟಕಿ ಚೌಕಟ್ಟಿನ ಮೂಲೆಯಿಂದ ತೂರಿಸಿ ಹೋದ. ಮರುದಿನ ಸಂಜೆ ನಮ್ಮ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ಎರಚಲು ಬರುತ್ತದೆ ಎಂದು ಕಿಟಕಿ ಹಾಕಿದೆ. ಹೊಸ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ (ಸಿಗ್ನಲ್ ಇಲ್ಲ) ಎಂದು ಬರೆದ ಕಡೆ ಕೆಂಪು ದೀಪ ಮಿಣುಕತೊಡಗಿತು. ತಾಮ್ರದ ವೈರನ್ನು ಹೇಗೆ ಮಡಚಿದರೂ ನಡೆಯುತ್ತಿತ್ತು. ಇದರಲ್ಲಿ ಓಡುವುದು ಬೆಳಕು. ಎಳೆ ಗಕ್ಕನೆ ಬಾಗಿದರೆ ಬೆಳಕು ಹೊರಗೆ ಸೋರಿ ಹೋಗುತ್ತದೆ, ಹಿಸುಕಿದರೆ ಎಳೆಯೇ ಮುರಿಯುತ್ತದೆ. ಹುಡುಗ ಎರಡು ದಿನ ಬಿಟ್ಟು ಬಂದು ಮತ್ತೆ ಬೆಸೆದು, ಬಾಗಿಲ ಮೇಲಿನ ಗವಾಕ್ಷಿಯಿಂದ ವೈರು ಒಳಗೆ ತಂದ. ಮೊದಲೇ ಒಬ್ಬರು ಬಂದು ಮನೆ ನೋಡಿ ಹೋಗಿದ್ದರೆ ಇದೇ ಗವಾಕ್ಷಿ ಕಾಣುತ್ತಿರಲಿಲ್ಲವೇ?

ಟಿವಿಯ ಕಥೆಯೂ ಗೋಡೆಯದೇ. ಪೆಟ್ಟಿಗೆ ಪಡಸಾಲೆಯಲ್ಲಿ, ಟಿವಿ ಒಳಕೋಣೆಯಲ್ಲಿ. ಚಿತ್ರ ನಿಂತು ನಿಂತು ಬರುತ್ತಿತ್ತು. ಫೋನ್ ಮಾಡಿದರೆ ‘100 ಎಂಬಿಪಿಎಸ್ ಸ್ಪೀಡ್ ಸಾಲೋದಿಲ್ಲ ಮೇಡಂ, 300ರ ಪ್ಲ್ಯಾನ್ ತಗೊಳ್ಳಿ’ ಎಂಬ ಉತ್ತರ. ನಾನು ತಗೊಳ್ಳಲಿಲ್ಲ. ಅತಿ ಸ್ಪಷ್ಟವಾದ 4ಕೆ ಚಿತ್ರಕ್ಕೇ 25 ಎಂಬಿಪಿಎಸ್ ಸಾಕು. ಕಲ್ಲುಗೋಡೆ ವೈಫೈಯನ್ನು ನುಂಗುತ್ತಿದ್ದರೆ ದುಡ್ಡು ಜಾಸ್ತಿ ಕೊಟ್ಟು ಏನು ಬಂತು? ಹದಿನೈದು ಮೀಟರ್ ಲ್ಯಾನ್ ವೈರು ತಂದು ಪೆಟ್ಟಿಗೆಯಿಂದ ಟಿವಿಗೆ ನೇರ ಎಳೆಸಿದೆ, ಸರಿಹೋಯಿತು. ಅತ್ತೆಯವರಿಗೆ ಬಾಯಿಪಾಠವಾಗಿದ್ದ ಚಾನೆಲ್ ನಂಬರುಗಳು ಮಾತ್ರ ಎಲ್ಲ ಬದಲಾಗಿವೆ. ‘ಚಂದನ’ದ ನಂಬರನ್ನು ರಿಮೋಟಿನ ಬೆನ್ನಿಗೆ ಬರೆದು ಅಂಟಿಸಿದ್ದೇನೆ.

ಇವೆಲ್ಲ ಹೇಗೋ ನಡೆಯುತ್ತದೆ. ನಾನು ಈ ಪತ್ರ ಬರೆಯಲು ಕೂತದ್ದು ಫೋನಿನ ಸಲುವಾಗಿ.

0836ರ ಮುಂದಿನ ನಮ್ಮ ನಂಬರು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನದು. ಗದಗಿನ ಬೀಗರಿಂದ ಹಿಡಿದು ಬ್ಯಾಂಕಿನ ಪುಸ್ತಕದವರೆಗೆ ಎಲ್ಲ ಕಡೆ ಅದೇ. ಮೊಬೈಲ್ ನಂಬರನ್ನು ಬೇರೆ ಕಂಪನಿಗೆ ಒಯ್ಯುವ ಸವಲತ್ತು ದೇಶದ ತುಂಬ 2011ರ ಜನವರಿಯಿಂದಲೇ ಇದೆ. ಹಾಗಾಗಿ ಮನೆ ಫೋನಿಗೂ ಇರುತ್ತದೆ ಎಂದುಕೊಂಡಿದ್ದೆ. ಇಲ್ಲ. ಕಂಪನಿ ಬದಲಿಸಿದರೆ ನಂಬರು ಹೋಯಿತು. ಅರ್ಜಿ ತುಂಬಿಸಿಕೊಂಡವರು ಹೇಳಲಿಲ್ಲ, ಲೈನ್ ಬಂದ್ ಮಾಡಿದವರೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಎರಡನೆಯದು ಕರೆಂಟಿನದು. ಹಳೆ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ಅದೇ ತಾಮ್ರದ ವೈರಿನಲ್ಲಿ ಬರುತ್ತಿತ್ತು. ಗಾಳಿಮಳೆಗೆ ಊರೆಲ್ಲ ಕತ್ತಲಾದರೂ ಅದು ರಿಂಗಾಗುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಮನೆಯ ಕರೆಂಟ್ ಹೋದರೆ ಪೆಟ್ಟಿಗೆ ಆರುತ್ತದೆ, ಅದರೊಂದಿಗೆ ಮೂರೂ ಆರುತ್ತವೆ. ಮೊದಲ ಸಲ ಹಾಗಾದಾಗ ಅತ್ತೆಯವರು ರಿಸೀವರ್ ಕಿವಿಗೆ ಹಿಡಿದುಕೊಂಡೇ ‘ಕತ್ತಲಾದ್ರ ಇದೂ ಮಲಗ್ತದೇನು?’ ಎಂದು ಕೇಳಿದರು. ಮೊಬೈಲಿನ ಗಾಜು ಅವರ ಬೆರಳಿಗೆ ಒಗ್ಗಿಲ್ಲ. 2021ರಲ್ಲಿ ಮನೆ ಫೋನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕೆಂಬ ನಿಯಮ ಬಂದಾಗ ಅದನ್ನು ಕಲಿಸಲಿಕ್ಕೇ ನನಗೆ ಒಂದು ವಾರ ಹಿಡಿದಿತ್ತು. ಈಗ ಪೆಟ್ಟಿಗೆಗೆ ಒಂದು ಸಣ್ಣ 12 ವೋಲ್ಟಿನ ಯುಪಿಎಸ್ ತಂದು ಜೋಡಿಸಿದ್ದೇವೆ. ಇದನ್ನು ಕೊಳ್ಳುವವರು ಪೆಟ್ಟಿಗೆಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಬರೆದಿದೆ ನೋಡಿಕೊಂಡು ಹೋಗಿ. ಸುಮ್ನೆ ಪಿನ್ನು ಕೂತಿತು ಎಂದು ಹಾಕಿದರೆ ಪೆಟ್ಟಿಗೆ ಸುಟ್ಟೀತು.

ಮನೆ ಫೋನಿಗೂ ನಂಬರು ಒಯ್ಯುವ ಪೋರ್ಟ್ ಸವಲತ್ತು ಕೊಡಬೇಕು ಎಂಬುದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನವರಿಗೆ ನನ್ನ ವಿನಂತಿ. ಅದು ಬರುವ ತನಕ ಕಂಪನಿಗಳು ಅರ್ಜಿಯ ಮೇಲೆ, ಸಹಿ ಮಾಡುವ ಜಾಗಕ್ಕಿಂತ ಮೇಲೆ, ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಿಸಲಿ: ನಿಮ್ಮ ಹಳೆ ನಂಬರು ಉಳಿಯುವುದಿಲ್ಲ, ಕರೆಂಟ್ ಹೋದರೆ ಈ ಫೋನು ನಡೆಯುವುದಿಲ್ಲ. ಮನೆ ನೋಡದೆ ಜೋಡಣೆಯ ದಿನ ಹೇಳುವುದನ್ನೂ ಬಿಡಲಿ. ಓದುಗರು ಹೊಸದು ನಡೆದು ಒಂದು ವಾರವಾಗುವ ತನಕ ಹಳೆಯದನ್ನು ಮುಟ್ಟಬೇಡಿ, ಒಂದು ತಿಂಗಳ ಬಿಲ್ಲು ಹೋದರೆ ಹೋಗಲಿ.

ಪಕ್ಕದ ಮನೆಯವರೂ ಮೊನ್ನೆ ಅರ್ಜಿ ತುಂಬಿದ್ದಾರೆ. ನನ್ನ ಟೇಪು ಈಗ ಅವರ ಮನೆಯಲ್ಲಿದೆ.

– ನಿವೃತ್ತ ಶಿಕ್ಷಕಿ, ಮಾಳಮಡ್ಡಿ, ಧಾರವಾಡ