ಗೆಳೆಯನಿಗೊಂದು ಪತ್ರ: ‘ಙ’ ಅಕ್ಷರದ ರಾಣಿ

ಪ್ರೀತಿಯ ಶಿವು,

ಒಂದನೆಯ ತರಗತಿಯಲ್ಲಿ ಮೇಷ್ಟ್ರು ನಮ್ಮಿಬ್ಬರಿಂದಲೂ ಸ್ಲೇಟು ಸವೆಯುವಷ್ಟು ಸಲ ತಿದ್ದಿಸಿದ ‘ಙ’ ಕೊನೆಗೂ ಉಪಯೋಗಕ್ಕೆ ಬಂದಿದೆ. ನಾನಿರುವ ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕೆ, ವಾಯ್ಕಾಟೊ ಮತ್ತು ವಾಯ್ಪಾ ನದಿಗಳು ಕೂಡುವಲ್ಲಿ, ಙಾರುವಾಹಿಯಾ ಎಂಬ ಊರಿದೆ. ಅಲ್ಲಿ ಪಟ್ಟವೇರಿದ, ಈ ದೇಶದ ಮೂಲನಿವಾಸಿಗಳಾದ ಮಾವೊರಿಗಳ ರಾಣಿಯ ಹೆಸರು ಙಾ ವಾಯ್ ಹೊನೊ ಇ ತೆ ಪೊ. ಪದ ಬಿಡಿಸಿದರೆ ‘ಇರುಳಿನಲ್ಲಿ ಕೂಡುವ ನೀರು’. ಮೇಷ್ಟ್ರ ಛತ್ರಿಯಾಣೆ, ಉಚ್ಚಾರದಲ್ಲಿ ತಪ್ಪಿಲ್ಲ. (ಓದುತ್ತಿರುವ ಉಳಿದವರು ದಯವಿಟ್ಟು ಛತ್ರಿಯ ಬಗ್ಗೆ ಕೇಳಬೇಡಿ.)

ಆಕೆ ಪಟ್ಟಕ್ಕೆ ಬಂದದ್ದು 2024ರ ಸೆಪ್ಟೆಂಬರ್ 5ರಂದು, 27ನೆಯ ವಯಸ್ಸಿನಲ್ಲಿ. ಆಗಸ್ಟ್ 30ರಂದು ತೀರಿಕೊಂಡ ತಂದೆ ತೂಹೇತಿಯಾ ಅವರ ಶವಪೆಟ್ಟಿಗೆಯ ಪಕ್ಕದಲ್ಲೇ ಆಕೆಯನ್ನು ಸಿಂಹಾಸನದಲ್ಲಿ ಕೂರಿಸಿ, 1858ರಲ್ಲಿ ಮೊದಲ ಅರಸ ಪೊತಾತಾವು ಅವರ ಪಟ್ಟಾಭಿಷೇಕಕ್ಕೆ ಬಳಸಿದ್ದ ಅದೇ ಬೈಬಲ್ಲಿನಿಂದ ಹರಸಿದರು. ಆಮೇಲಷ್ಟೇ ತಂದೆಯ ದೇಹ ನದಿಯಲ್ಲಿ ದೋಣಿಯೇರಿ ತೌಪಿರಿ ಬೆಟ್ಟದತ್ತ ಹೊರಟಿತು. ಹಿಂದಿನವರು ಮಣ್ಣಾಗುವ ಮೊದಲೇ ಮುಂದಿನವರು ಪಟ್ಟದಲ್ಲಿರಬೇಕೆಂಬುದು ಅಲ್ಲಿನ ಪದ್ಧತಿ. 1966ರಲ್ಲಿ ರಾಣಿಯಾಗಿ 40 ವರ್ಷ ಆ ಪದವಿಯಲ್ಲಿದ್ದ ಅಜ್ಜಿ ತೆ ಅತಾಯ್ರಙಿಕಾಹು ಅವರ ಕತೆಯೂ ಇದೇ. ಕಾನೂನಿನ ಅಧಿಕಾರವೇನೂ ಇಲ್ಲದ ಪದವಿಯಿದು. ಬ್ರಿಟಿಷ್ ವಲಸೆಗಾರರ ಕೈಗೆ ನೆಲ ಜಾರುತ್ತಿದ್ದ ಕಾಲದಲ್ಲಿ ಬುಡಕಟ್ಟುಗಳು ಒಂದಾಗಲೆಂದು ಹುಟ್ಟಿಕೊಂಡಿತು, ಮುಂದೆ ಸೈನ್ಯ ನುಗ್ಗಿ ಲಕ್ಷಾಂತರ ಎಕರೆ ಮುಟ್ಟುಗೋಲಾದರೂ ಉಳಿದುಕೊಂಡಿತು.

ಅಂದು ಟಿ.ವಿ.ಯಲ್ಲಿ ನಾನು ಕಂಡದ್ದು ತಲೆಗೆ ಎಲೆಗಳ ಸುತ್ತು ಕಟ್ಟಿಕೊಂಡು ಅಪ್ಪನ ಪಕ್ಕ ಕೂತ ಒಬ್ಬ ಮಗಳನ್ನು. ಆಕೆ ಕೊನೆಯ ಮಗು. ಮೇಲೆ ಇಬ್ಬರು ಅಣ್ಣಂದಿರು. ಪದವಿ ತಾನಾಗಿ ಹಿರಿಮಗನಿಗೆ ಇಳಿಯುವುದಿಲ್ಲ, ಹನ್ನೆರಡು ಮಂದಿ ಹಿರಿಯರು ಕೂತು ಆರಿಸುತ್ತಾರೆ ಎಂದು ತಿಳಿದಾಗಿನಿಂದ ನನಗೆ ನಮ್ಮ ಮನೆಯ ಜಗಲಿಯೇ ಕಣ್ಣಮುಂದೆ ಬರುತ್ತಿದೆ. ಅಪ್ಪ ಹಾಸಿಗೆ ಹಿಡಿದಿದ್ದ ಅಷ್ಟೂ ವರ್ಷ ಗಂಜಿ ಕುಡಿಸಿದವಳು ಅಕ್ಕ. ಕಾರ್ಯದ ದಿನ ಸೋದರಮಾವ ರುಮಾಲು ಸುತ್ತಿದ್ದು, ವಿಮಾನ ಇಳಿದು ಬಂದಿದ್ದ ನನ್ನ ತಲೆಗೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ‘ಅವಳನ್ನೂ ಒಂದು ಮಾತು ಕೇಳಿ’ ಎನ್ನಬಹುದಿತ್ತು. ದುಃಖದಲ್ಲಿ ಬಾಯಿ ಬರಲಿಲ್ಲವೆಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು ಶಿವು. ರುಮಾಲು ನನಗೆ ಹಿತವಾಗಿತ್ತು.

ಇರಲಿ ಬಿಡು. ನನ್ನ ಸಾಮ್ರಾಜ್ಯ ನಿನಗೆ ಗೊತ್ತಿರುವುದೇ: ಹನ್ನೆರಡು ಗುಂಟೆ, ಒಂದು ಕೆಟ್ಟ ಪಂಪ್‌ಸೆಟ್ಟು, ಮತ್ತು ನಿಮ್ಮ ಮನೆಯ ದನಗಳ ನಿತ್ಯದ ದಂಡಯಾತ್ರೆ. ಕಿರೀಟದ ವಿಷಯವೆಂದರೆ, ಹೊರಡುವಾಗ ಅಕ್ಕ ಕೊಟ್ಟ ಉಪ್ಪಿನಕಾಯಿಯ ಬಾಟಲಿ ಒಡೆಯದಿರಲೆಂದು ಅದರಲ್ಲೇ ಸುತ್ತಿ ತಂದೆ. ಎಣ್ಣೆಯ ಕಲೆ ಇನ್ನೂ ಹೋಗಿಲ್ಲ.

ನಿನ್ನ,
ಕೊನೆಯ ಬೆಂಚಿನ ಮಹಾರಾಜ