ಕ್ಯಾಮೆರಾ ಆಮೇಲೆ ಕೊಡಿ, ಮೊದಲು ನೋಡಲು ಬಿಡಿ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಶಾಲೆಯಲ್ಲಿ ಸಿನಿಮಾ ಕಲಿಸುವ ಮಾತು ಬಂದರೆ ಸಾಕು, ಕ್ಯಾಮೆರಾ ಖರೀದಿಯ ಪಟ್ಟಿ ತಯಾರಾಗುತ್ತದೆ. ನಾನು ಹೈಸ್ಕೂಲು ಮಕ್ಕಳಿಗೆ ಸಿನಿಮಾ ನೋಡುವುದನ್ನು ಕಲಿಸುತ್ತೇನೆ. ಶೂಟ್ ಮಾಡೋದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೂಕಿ ಚಿತ್ರ ಹಾಕಿದರೆ ಮಕ್ಕಳು ನಗುತ್ತಾರೆ. "ಆಗಿನವರು ಹೀಗೇ ದಡಬಡ ಓಡಾಡ್ತಿದ್ರಾ ಸಾರ್?" ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರ ಆಸುಪಾಸು ಫ್ರೇಮು, ಅಂದರೆ ಬಿಡಿ ಚಿತ್ರ. ಸಿನಿಮಾಕ್ಕೆ ಮಾತು ಬಂದ ಮೇಲೆ ಅದು 24ಕ್ಕೆ ನಿಂತಿತು. ಹಳೆಯದನ್ನು ಹೊಸ ವೇಗದಲ್ಲಿ ಬಿಟ್ಟರೆ ಎಲ್ಲರೂ ಓಡಲೇಬೇಕಲ್ವಾ? ಸರಿಯಾದ ವೇಗಕ್ಕೆ ಇಳಿಸಿ ಮತ್ತೆ ಹಾಕಿದೆ. ನಗು ನಿಂತಿತು.

ಸುಮಾರು ನೂರು ವರ್ಷದ ಹಿಂದೆ ಕುಲೆಶೊವ್ ಎಂಬ ರಷ್ಯದ ನಿರ್ದೇಶಕ ಒಂದು ಆಟ ಹೂಡಿದ. ಭಾವವೇ ಇಲ್ಲದ ಒಂದು ಮುಖ. ಅದರ ಬೆನ್ನಿಗೆ ಜೋಡಿಸಿದ್ದು ಒಮ್ಮೆ ಸೂಪಿನ ಬಟ್ಟಲಿನ ದೃಶ್ಯ, ಇನ್ನೊಮ್ಮೆ ಶವಪೆಟ್ಟಿಗೆಯದು. ನೋಡಿದವರಿಗೆ ಮೊದಲು ಹಸಿವು ಕಂಡಿತು, ಆಮೇಲೆ ದುಃಖ. ಮುಖ ಮಾತ್ರ ಒಂದೇ! ನಮ್ಮ ಮಕ್ಕಳು ಇದನ್ನೇ ಫೋನಿನಲ್ಲಿ ಮಾಡಿದರು. ಸುಮ್ನೆ ಕೂತಿದ್ದ ಗೆಳೆಯನ ಮುಖ, ಒಡೆದ ಕಿಟಕಿ. ಇಡೀ ತರಗತಿ ಅವನನ್ನೇ ಕಳ್ಳ ಮಾಡಿಬಿಟ್ಟಿತು. ಪಾಪ, ಅವನು ಆ ಕಿಟಕಿಯನ್ನು ನೋಡಿಯೂ ಇರಲಿಲ್ಲ. ಅವತ್ತಿನಿಂದ ಫೋನಿಗೆ ಬರುವ ವಿಡಿಯೊ ನೋಡಿ "ಇಲ್ಲಿ ಕಟ್ ಮಾಡಿದ್ದು ಯಾಕೆ?" ಎಂದು ಕೇಳತೊಡಗಿದ್ದಾರೆ.

ಒಂದು ಭಯವಿದೆ. ಇದನ್ನು ಪಠ್ಯಕ್ಕೆ ಸೇರಿಸಿದರೆ "1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಚಿತ್ರ ತೋರಿಸಿದವರು ಯಾರು?" ಎಂಬ ಒಂದು ಅಂಕದ ಪ್ರಶ್ನೆಯಾಗಿ ಮುಗಿದುಹೋಗುತ್ತದೆ. ಲೂಮಿಯೇರ್ ಸಹೋದರರ ಆ ಚಿತ್ರಗಳು ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಕ್ಯಾಮೆರಾ ಕದಲುವುದಿಲ್ಲ. "ನೀನಾಗಿದ್ದರೆ ಅದನ್ನು ಎಲ್ಲಿ ಇಡುತ್ತಿದ್ದೆ?" ಎಂದು ಕೇಳಿ ನೋಡಿ. ಒಂದು ಪಿರಿಯಡ್ ಸಾಲುವುದಿಲ್ಲ.

ಹಾಗಾಗಿ ವಾರಕ್ಕೊಮ್ಮೆ ಎರಡು ಪಿರಿಯಡ್ ಒಟ್ಟಿಗೆ ಕೊಡಿ. ನೋಡಲು ಒಂದು, ಜಗಳಾಡಲು ಇನ್ನೊಂದು. ಪರೀಕ್ಷೆ ಬೇಡ. ಹಕ್ಕುಸ್ವಾಮ್ಯ ಮುಗಿದ ಹಳೆಯ ಚಿತ್ರಗಳ ಒಳ್ಳೆಯ ಪ್ರತಿಗಳು ಎಲ್ಲ ಶಾಲೆಗೂ ಸಿಗುವಂತೆ ಮಾಡಿ. ಉಳಿದಿರುವುದೇ ಕಡಿಮೆ. ತನ್ನ ಸಿನಿಮಾದಲ್ಲಿ ಚಂದ್ರನಿಗೆ ರಾಕೆಟ್ ಹಾರಿಸಿದ ಫ್ರಾನ್ಸಿನ ನಿರ್ದೇಶಕ ಮೆಲಿಯೆಸ್ 1923ರಲ್ಲಿ ತನ್ನ ನೆಗೆಟಿವ್‌ಗಳನ್ನು ತಾನೇ ಸುಟ್ಟುಹಾಕಿದ. ಇಟ್ಟುಕೊಳ್ಳಲು ಜಾಗವಿರಲಿಲ್ಲ, ಕೇಳುವವರೂ ಇರಲಿಲ್ಲ.

ಖರೀದಿ ಪಟ್ಟಿಗೆ ಸಹಿ ಹಾಕುವ ಮೊದಲು ಒಮ್ಮೆ ನಮ್ಮ ತರಗತಿಗೆ ಬನ್ನಿ. ಭಾಷಣ ಬೇಡ. ಕೊನೆಯ ಬೆಂಚಿನಲ್ಲಿ ಜಾಗ ಇಟ್ಟಿರುತ್ತೇವೆ.

ಇಂತಿ,
ಒಬ್ಬ ಮೇಷ್ಟ್ರು